ಅಸ್ತರು

ಮಂಗಳವಾರ ಬೆಳಿಗ್ಗೆ ಅಂಗಡಿಯ ಶಟರ್ ಎತ್ತಿ
ಗುಂಡಿ ಒತ್ತಿದೆ. ಇನ್ನೊಮ್ಮೆ ಒತ್ತಿದೆ,
ಒಂದೇ ಕರೆಗೆ ಓಗೊಡುವ ಜಾತಿಯಲ್ಲ ಅದು.
ಮೂರನೆಯ ಸಲ ಒಳಗೊಂದು ಟಿಕ್,
ಹಲ್ಲಿ ಲೊಚಗುಟ್ಟಿದ ಹಾಗೆ.
ಆಮೇಲೆ ಏನೂ ಇಲ್ಲ.
ವುಲ್ವರ್‌ಹ್ಯಾಂಪ್ಟನ್ನಿನಲ್ಲಿ ಹಲ್ಲಿಗಳಿಲ್ಲ;
ಶಕುನ ನುಡಿಯಲು ನನಗೆ ಇದೊಂದಿತ್ತು.

ಹನ್ನೊಂದು ವರ್ಷ ಹೊಲಿಗೆ ಯಂತ್ರದ ಪಕ್ಕ ಕೂತು
ನೂಲಿನ ಧೂಳನ್ನೇ ಉಸಿರಾಡಿದ್ದು.
ಅದರ ಹೊಟ್ಟೆಯಲ್ಲಿ ಈ ಬೀದಿಯ ಸೊಂಟಗಳೆಲ್ಲ ಇದ್ದವು:
ಮಿಸ್ಟರ್ ಹಿಂಗ್ಲಿ, ಮೂವತ್ತೆಂಟು, ಆಮೇಲೆ ನಲವತ್ತು,
ಹೆಂಡತಿ ಹೋದ ವರ್ಷ ಮೂವತ್ತನಾಲ್ಕು.
ಬೇಕರಿಯ ಡಾನ್, ಪ್ರತಿ ಜನವರಿ ಅದೇ ಜೀನ್ಸ್ ತಂದು
ಜಿಪ್ ಮಾತ್ರ ಹಾಕು, ಸಡಿಲ ಮಾಡಬೇಡ,
ನಾನೇ ಇಳೀತೀನಿ ಅನ್ನುವವಳು.

ಡಡ್ಲಿ ರಸ್ತೆಯ ತರ್ಲೋಚನ್ ಪಕ್ಕದ ತಗಡು ಬಿಚ್ಚಿ
ಟಾರ್ಚ್ ಬಿಟ್ಟು ನೋಡಿದ.
"ಆಂಟೀ, ಇದರೊಳಗೊಂದು ಸ್ವೆಟರ್ ಇದೆ."
ಫ್ಯಾನಿನ ರೆಕ್ಕೆಗೆ ಸುತ್ತಿದ್ದು ನನ್ನದೇ ನೂಲು,
ಹೆಚ್ಚಿನದು ಕಡುನೀಲಿ,
ಶಾಲೆ ತೆರೆಯುವ ಸೆಪ್ಟೆಂಬರುಗಳ ಬಣ್ಣ.
ಅದರ ಕೆಳಗೆ ಬೋರ್ಡಿನ ಮೇಲೆ
ನಾಲ್ಕು ಪುಟ್ಟ ಡಬ್ಬಿಗಳ ನೆತ್ತಿ
ಹಂಚಿನ ಮೇಲಿನ ರೊಟ್ಟಿಯಂತೆ ಉಬ್ಬಿತ್ತು.

ರಸೀದಿಯ ಬೆನ್ನಿಗೆ ಲೆಕ್ಕ ಬರೆದ:
ಹಳೆಯದೇ ಬೋರ್ಡು ಹುಡುಕಿ ಕೂರಿಸಲು ನೂರ ಎಂಬತ್ತು ಪೌಂಡು,
ಗ್ಯಾರಂಟಿ ಕೇಳಬೇಡಿ.
ಹೊಸದಕ್ಕೆ ಮುನ್ನೂರ ತೊಂಬತ್ತು,
ಊಟದ ಡಬ್ಬಿಯಷ್ಟೇ ಗಾತ್ರ, ಕರೆಂಟೂ ಕಡಿಮೆ ಕುಡಿಯುತ್ತದೆ.
ಮೂಗಿಗಿಂತ ಮೂಗುತಿ ಭಾರ ಅಂದೆ, ಅರ್ಥ ಹೇಳಿದೆ.
ಪಂಜಾಬಿಯಲ್ಲೂ ಇಂಥದ್ದೊಂದಿದೆ ಎಂದ.
ಅವನಿಗದು ನೆನಪಾಗಲಿಲ್ಲ.

ಈ ಲೆಕ್ಕ ನನಗೆ ಹೊಸದಲ್ಲ. ಕೌಂಟರಿನ ಹಿಂದೆ ನಿಂತು
ದಿನಕ್ಕೆ ನಾಲ್ಕು ಸಲ ನಾನೇ ಒಪ್ಪಿಸುತ್ತೇನೆ:
ಜಿಪ್ಪಿಗೆ ಹದಿನಾಲ್ಕು, ಹೊಸ ಜಾಕೆಟ್ಟೇ ಹದಿನೆಂಟಕ್ಕೆ ಸಿಗುತ್ತೆ,
ಯೋಚನೆ ಮಾಡಿ.
ಅವರು ಯೋಚನೆ ಮಾಡುವುದಿಲ್ಲ. ತೋಳು ಸವರುತ್ತಾರೆ.
ಆಗ ನನಗೆ ಗೊತ್ತಾಗುತ್ತದೆ, ಹೊಲಿಯಬೇಕು.
ಸವರದೆ ಹೊರಟವರೂ ಇದ್ದಾರೆ.
ಅವರದೂ ತಪ್ಪಲ್ಲ.

ತರ್ಲೋಚನನ ಮೇಜಿನ ಬಳಿ ನನ್ನ ಕೈ ನೋಡಿಕೊಂಡೆ.
ಪೆಟ್ಟಿಗೆಯ ಮೂಲೆಯ ಮೇಲಿತ್ತು.
ಧೂಳು ಒರೆಸುತ್ತಿದೆ ಅಂದುಕೊಂಡೆ.

ನಿದ್ದೆಗೆಟ್ಟೆ ಅಂದರೆ ಸುಳ್ಳು, ಚೆನ್ನಾಗೇ ಮಲಗಿದೆ.
ಬುಧವಾರ, ಗುರುವಾರ ಅಳತೆಗಳನ್ನು
ಹೋದ ವರ್ಷದ ಕ್ಯಾಲೆಂಡರಿನ ಹಿಂದೆ ಬರೆದೆ.
ಒಂದು ಪ್ಯಾಂಟು ಎರಡಿಂಚು ಗಿಡ್ಡ ಮಾಡಿ ಬೈಸಿಕೊಂಡೆ.

ಶುಕ್ರವಾರ ಮಿಸ್ಟರ್ ಹಿಂಗ್ಲಿ ಬಂದರು.
ಅದೇ ಕೋಟು, ನಾಲ್ಕನೆಯ ಸಲ.
ಹೊರಗೆ ಉಣ್ಣೆ ಕಲ್ಲಿನಷ್ಟು ಗಟ್ಟಿ,
ಒಳಗೆ ಅಸ್ತರು ಜೇಡರ ಬಲೆ.
"ಉಣ್ಣೆಗೇನಾಗಿಲ್ಲ, ಅಸ್ತರು ಪೂರ್ತಿ ಹೊಸದು ಹಾಕೋಣ"
ಅಂದವಳು ಟೇಪು ಹಿಡಿದು ಹಾಗೇ ನಿಂತೆ.
ಏನಾಯ್ತು ಎಂದರು.
ಏನಿಲ್ಲ, ಒಂದು ಫೋನು ಮಾಡಬೇಕು.

ತರ್ಲೋಚನ್ ನಕ್ಕ. ಹಳೆ ಪೆಟ್ಟಿಗೆ, ಹೊಸ ಒಡಲು?
ಆಗುತ್ತೆ, ಮುನ್ನೂರ ಹತ್ತು.
ಉಳಿತಾಯವೂ ಅಲ್ಲ, ಧಾರಾಳವೂ ಅಲ್ಲ,
ಬುದ್ಧಿವಂತರ್ಯಾರೂ ಕೊಡದಂಥ ದುಡ್ಡು.
"ಬಿಲ್ಲಿನಲ್ಲಿ ರಿಪೇರಿ ಅಂತ ಬರೀಲಾ, ಮಾರಾಟ ಅಂತಲಾ?"
"ಆಲ್ಟರೇಷನ್ ಅಂತ ಬರಿ."

ಈಗ ಮೊದಲಿನ ಜಾಗದಲ್ಲೇ ಕೂತಿದೆ.
ಸೊಂಟಗಳೆಲ್ಲ ವಾಪಸು ಬಂದಿವೆ,
ಯಾಕೋ ಎರಡು ವರ್ಷದ ಬಿಲ್ಲುಗಳು ಬಂದಿಲ್ಲ.
ಫ್ಯಾನಿನ ಸದ್ದೇ ಇಲ್ಲ. ನಡುವೆ ಕತ್ತರಿ ಕೆಳಗಿಟ್ಟು
ತಗಡಿಗೆ ಕಿವಿ ಹಚ್ಚಿ ನೋಡುತ್ತೇನೆ.
ಗುಂಡಿ ಮಾತ್ರ ಹಳೆಯದು,
ಎರಡು ಸಲ ಒತ್ತಬೇಕು.